ಅಲ್ಲಾಡಿಸಿ ನೋಡುತ್ತಿದ್ದವಳು

ತುರುವೇಕೆರೆಯ ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹೆಂಗಸು ಮೌಸ್ ಮುಟ್ಟುತ್ತಿರಲಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಮದುವೆಯ ಫೋಟೋಗಳೆಲ್ಲ ಕ್ಲೌಡಿಗೆ ಹೋಗುತ್ತಿದ್ದವು.

"ಇಲ್ಲಿ ಅಳಿಸಿದ್ರೆ ಅಲ್ಲೂ ಅಳಿಸೋಗ್ತೈತೆ ಕಣಜ್ಜ," ಎಂದು ನನಗೆ ಬೆರಳೆತ್ತಿ ಮೇಲೆ ತೋರಿಸುತ್ತಿದ್ದಳು. ಅದಕ್ಕೇ ಕಳಿಸುವ ಮೊದಲು, ಕ್ಲೌಡಿನಲ್ಲಿ ಏನೇನು ಬದಲಾಗಲಿದೆ ಎಂಬ ಪಟ್ಟಿಯನ್ನು ಪರದೆಗೆ ತರಿಸಿಕೊಳ್ಳುತ್ತಿದ್ದಳು. "ಅಟ್ಟದ ಕಾಯಿ ಕೊಬ್ರಿ ಆಗೈತಾ ಅಂತ ಅಲ್ಲಾಡ್ಸಿ ನೋಡ್ದೆ ಸುಲೀತೀರಾ?"

ಮೊಮ್ಮಗಳ ಮದುವೆಯ ಫೋಟೋ ಆರಿಸಲು ಹೋದಾಗ, ಒಂದರಲ್ಲಿ ನಾನು ಟವೆಲ್ಲಿನೊಳಗೆ ಒಬ್ಬಟ್ಟು ಬಚ್ಚಿಡುತ್ತಿದ್ದೆ. ನನಗೆ ಸಕ್ಕರೆ ಕಾಯಿಲೆ. ಸಿಹಿ ಮುಟ್ಟುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದೆ. ಸ್ಟುಡಿಯೋದವಳು ಟೀ ತರಲು ಹೋದಾಗ ಆ ಫೋಟೋವನ್ನು ಕಂಪ್ಯೂಟರಿನಿಂದ ಅಳಿಸಿ, ಸಾಧುವಿನಂತೆ ಕುಳಿತೆ.

ಬಂದವಳು ಪಟ್ಟಿ ತರಿಸಿದಳು. ಹಿಂದಿನ ದಿನ ಕ್ಲೌಡಿಗೆ ಹೋಗಿದ್ದ ಒಂದು ಫೋಟೋ ಈಗ ಅಳಿಸಿಹೋಗಲಿದೆ ಎಂದಿತು ಪರದೆ. ಅದನ್ನು ಕ್ಲೌಡಿನಿಂದ ಕೆಳಗಿಳಿಸಿ ನೋಡಿದಳು.

"ಎಷ್ಟಜ್ಜ?"

"ಒಂದೇ ಕಣವ್ವ."

"ಟವಲ್ ಜೋತ್ ಬಿದ್ದೈತೆ."

"ನಾಕು. ಅಜ್ಜಿಗೆ ಹೇಳ್ಬೇಡ."

ಅವಳು ಆ ಫೋಟೋವನ್ನು ಆಲ್ಬಮ್ಮಿಗೆ ಹಾಕಲಿಲ್ಲ, ಕ್ಲೌಡಿನಿಂದ ಅಳಿಸಲೂ ಇಲ್ಲ. ಆಮೇಲೆ ನಾನು ಎದುರಿನ ಬೇಕರಿಗೆ ಕಾಲಿಟ್ಟಾಗಲೆಲ್ಲ ಬಾಗಿಲಲ್ಲಿ ನಿಂತು ಸುಮ್ಮನೆ ಬೆರಳು ಮೇಲೆತ್ತುತ್ತಿದ್ದಳು. ನಾನು ಖಾರಾ ಬನ್ ಕೊಂಡು ಬರುತ್ತಿದ್ದೆ. ಟವೆಲ್ಲಿನಲ್ಲಿ ಆರಿದ್ದವು ಎಂದು ಅವಳಿಗೂ ಹೇಳಲಾಗಲಿಲ್ಲ.