ಹೊರೆಗಲ್ಲಿನ ತಿರುವು

ದೆವ್ವ, ಗಾಳಿ, ಮೈಮೇಲೆ ಬರುವುದು ಎಂದರೆ ನಾನು ನಗುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು, ನಮ್ಮ ಸಿಸ್ಟರ್‌ಗಳು ಇಂಥದ್ದಕ್ಕೆಲ್ಲ ‘ನಾನ್‌ಸೆನ್ಸ್’ ಎಂಬ ಒಂದೇ ಔಷಧಿ ಕೊಡುತ್ತಿದ್ದರು. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೂ ಅದನ್ನೇ ಕೊಡುತ್ತಿದ್ದೆನೇನೋ.

ಹೊಸೂರಿನಲ್ಲಿ ನಮ್ಮ ಮನೆಯಿರುವುದು ಬೆಟ್ಟದ ಇಳಿಜಾರಿನಲ್ಲಿ. ಇಲ್ಲಿ ಒಬ್ಬರ ತಾರಸಿ ಇನ್ನೊಬ್ಬರ ಅಂಗಳಕ್ಕೆ ಸಮ. ಕೆಳಗಿನ ಮನೆಯ ಒಗ್ಗರಣೆಗೆ ಮೇಲಿನವರು ಸೀನುತ್ತಾರೆ. ತಮಿಳಿನಲ್ಲಿ ಶುರುವಾದ ಜಗಳ ತೆಲುಗಿನಲ್ಲಿ ಏರಿ ಕನ್ನಡದಲ್ಲಿ ರಾಜಿಯಾಗುತ್ತದೆ. ಫ್ಯಾಕ್ಟರಿಗಳು ಬರುವ ಮೊದಲು ಹೆಂಗಸರು ಸೌದೆ, ಹುಲ್ಲು ಹೊತ್ತು ಈ ಮೆಟ್ಟಿಲುಗಳನ್ನೇ ಹತ್ತುತ್ತಿದ್ದರು. ಅರ್ಧ ದಾರಿಯ ತಿರುವಿನಲ್ಲಿ ಎದೆಮಟ್ಟದ ಒಂದು ಹೊರೆಗಲ್ಲಿತ್ತು: ನಿಂತ ಎರಡು ಕಂಬ, ಮೇಲೊಂದು ಅಡ್ಡಚಪ್ಪಡಿ. ತಲೆಹೊರೆಯನ್ನು ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಜಾರಿಸಿ ಉಸಿರು ಬಿಡಬಹುದಿತ್ತು. ತುಂಬಿದ ಬಸುರಿಯಾಗಿ ತೀರಿಕೊಂಡ ಹೆಣ್ಣಿನ ನೆನಪಿಗೆ ಅಂಥ ಕಲ್ಲು ನಿಲ್ಲಿಸುವುದು ನಮ್ಮ ಕಡೆಯ ಪದ್ಧತಿ. ಅವಳು ಇಳಿಸಲಾರದೆ ಹೋದ ಭಾರವನ್ನು ಬೇರೆಯವರಾದರೂ ಇಳಿಸಲಿ ಎಂದು.

ಕೆಲವು ವರ್ಷಗಳ ಹಿಂದೆ, ಮಂಜು ಕವಿದ ಒಂದು ಬೆಳಗ್ಗೆ, ನಮ್ಮಲ್ಲಿ ಬಾಡಿಗೆಗಿದ್ದ ಕವಿತಾ ಬಾಗಿಲು ತಟ್ಟಿದಳು. ಜವಳಗಿರಿ ಕಡೆಯ ಹುಡುಗಿ. ಗಂಡ ನೈಟ್ ಶಿಫ್ಟಿನಿಂದ ಇನ್ನೂ ಬಂದಿರಲಿಲ್ಲ. ಹಿಂದಿನ ವರ್ಷ ಒಂದು ಮಗುವನ್ನು ಹೊಟ್ಟೆಯಲ್ಲೇ ಕಳೆದುಕೊಂಡಿದ್ದಳು. ಈಗ ದಿನ ತುಂಬುವ ಮುಂಚೆಯೇ ನೋವು. ಆಟೋ ನಮ್ಮ ಬಾಗಿಲ ತನಕ ಬರುವುದಿಲ್ಲ. ಫೋನ್ ಮಾಡಿ ಕೆಳಗೆ ನಿಲ್ಲಲು ಹೇಳಿ, ಅವಳ ಬಟ್ಟೆಬರೆಯ ಬ್ಯಾಗನ್ನು ಹೆಗಲಿಗೇರಿಸಿ, ಕೈ ಹಿಡಿದು ಇಳಿಯತೊಡಗಿದೆ.

“ಮೆಲ್ಲುಕೆ ಆಂಟಿ. ನೀವು ಬಿದ್ರೆ ಎತ್ತಾಕೆ ನನ್ ಕೈಲಾಗಾಕಿಲ್ಲ” ಎಂದಳು, ಆ ನೋವಿನಲ್ಲೂ.

ತಿರುವಿಗೆ ಬರುವಷ್ಟರಲ್ಲಿ ಅವಳ ಕಾಲು ಸೋತವು. “ಇದೂ ಹೋಗ್ಬುಡ್ತದೆ ಆಂಟಿ” ಎಂದು ಅತ್ತಳು. ಮಂಜಿನಲ್ಲಿ ಹೊರೆಗಲ್ಲು ಕಂಡಿತು. ನಾನು ಅದರ ಆಚೆ ಬದಿಗೆ ಹೋಗಿ ಬ್ಯಾಗನ್ನು ಚಪ್ಪಡಿಯ ಮೇಲಿಟ್ಟೆ. ಅವಳು ಈಚೆಯಿಂದ ಎರಡೂ ತೋಳೂರಿ, ಹಣೆಯಿಟ್ಟು ನಿಂತಳು. ಎಷ್ಟು ಹೊತ್ತೋ ತಿಳಿಯದು. ಊರಿನ ಸದ್ದನ್ನೆಲ್ಲ ಯಾರೋ ಹತ್ತಿಯಲ್ಲಿ ಸುತ್ತಿಟ್ಟಂತಿತ್ತು. ಮೆಲ್ಲಗೆ ಅವಳ ಉಸಿರು ಹದಕ್ಕೆ ಬಂತು.

“ಹಂಗೇ ಹಿಡ್ಕಳಿ ಆಂಟಿ, ಸೊಂಟದ್ ತಾವ. ವಸಿ ಹಗೂರಾಯ್ತು.”

ನನ್ನ ಎರಡೂ ಕೈ ಬ್ಯಾಗಿನ ಮೇಲಿದ್ದವು.

ಆಗ ಅದೇನೂ ವಿಚಿತ್ರವೆನಿಸಲಿಲ್ಲ. ಕನಸಿನೊಳಗೆ ಇರುವಾಗ ಯಾವುದು ತಾನೇ ವಿಚಿತ್ರವೆನಿಸುತ್ತದೆ?

ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆಣ್ಣು ಮಗು ಹುಟ್ಟಿತು. ಜೋರಾಗಿ ಅತ್ತಿತು. ಕಾರಿಡಾರಿನ ಬೆಂಚಿನ ಮೇಲೆ ಕಾಫಿ ಕುಡಿಯುವಾಗ ನನಗೆ ನೆನಪಾಯಿತು: ಮೆಟ್ಟಿಲಿಗೆ ಸಿಮೆಂಟ್ ಹಾಕುವಾಗ ಆ ಹೊರೆಗಲ್ಲನ್ನು ಒಡೆದು ಎಷ್ಟೋ ಕಾಲವಾಗಿತ್ತು. ಗೇಟಿನಲ್ಲಿ ನಿಂತು ನಾನೇ ನೋಡಿದ್ದೆ. ಮಧ್ಯಾಹ್ನ ಹಿಂತಿರುಗುವಾಗ ನೋಡಿದರೆ ಅಲ್ಲಿ ಒಂದು ಗೋಡೆ, ಒಂದು ನಲ್ಲಿ, ಅಷ್ಟೇ.

ಮಂಜು, ಗಾಬರಿ, ವಯಸ್ಸು; ಇಮ್ಯಾಜಿನೇಷನ್ ಎನ್ನಿ. ನನಗೂ ಹಾಗೆನ್ನುವ ಆಸೆ. ಆದರೆ ಇಬ್ಬರಿಗೂ ಒಂದೇ ಇಮ್ಯಾಜಿನೇಷನ್ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ.

ನಾಮಕರಣಕ್ಕೆ ಮೊದಲು ಕವಿತಾಳಿಗೆ ಎಲ್ಲ ಹೇಳಿದೆ, ಆ ಕಲ್ಲು ಯಾಕೆ ನಿಲ್ಲಿಸಿದ್ದೆಂಬುದನ್ನೂ. ಹೆದರಿಯಾಳು ಎಂದುಕೊಂಡಿದ್ದೆ. ಅವಳು “ಆ ಅಕ್ಕನ್ ಹೆಸ್ರೇನು ಆಂಟಿ? ಮಗೀಗೆ ಅದ್ನೇ ಇಕ್ಕಾಣ” ಎಂದಳು.

ನಮ್ಮ ಬೀದಿಗೆಲ್ಲ ಹಿರಿಯಳಾದ ಮುನಿಯಮ್ಮನ ಹತ್ತಿರ ಹೋದೆ. ಯಾರ ಮನೆ ಯಾವಾಗ ಎದ್ದಿತು, ಯಾರ ಹಸು ಯಾವ ಬಂಡೆಯಿಂದ ಬಿತ್ತು, ಎಲ್ಲ ಬಲ್ಲವಳು. ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

“ಹೆಸ್ರಾ? ಯಾರೂ ಹೇಳ್ನಿಲ್ಲ ಕಣವ್ವ. ನಾವೂ ಕೇಳ್ನಿಲ್ಲ. ಹೊರೆ ಇಳುಸ್ತಿದ್ವಿ, ವಸಿ ನಿಲ್ತಿದ್ವಿ, ಹೋಯ್ತಿದ್ವಿ.”