ನಾಗವೇಣಿ ದಿಲ್ಲಿಯಲ್ಲಿ ಕಲಿಯದೆ ಬಂದದ್ದು

ಮೀನು ಕೊಳ್ಳುವಾಗ ಮೀನಿನ ಕಿವಿರು ನೋಡಬೇಕು, ಮಾರುವವಳ ಮುಖ ನೋಡಬಾರದು ಎನ್ನುವುದು ನಮ್ಮ ಕಡೆಯ ವ್ಯವಹಾರಜ್ಞಾನ. ಕಿವಿರು ಕೆಂಪಗಿದ್ದರೆ ಮೀನು ತಾಜಾ. ಮುಖ ನೋಡಿದಿರೋ, ದಾಕ್ಷಿಣ್ಯಕ್ಕೆ ಬಿದ್ದು ನಿನ್ನೆಯ ಬಂಗಡೆಯನ್ನು ಇಂದಿನದೆಂದು ಒಪ್ಪಿಕೊಂಡು ಮನೆಗೆ ಬರುತ್ತೀರಿ. ನಾನು ಈ ಸೂತ್ರವನ್ನು ಬಹುಕಾಲ ಸಡಿಲವಾಗಿಯೇ ಪಾಲಿಸಿಕೊಂಡು ಬಂದವಳು. ಕಳೆದ ಬೇಸಗೆಯ ಎರಡು ತಿಂಗಳು ಮಾತ್ರ ಕುಮಟೆಯ ಮೀನುಪೇಟೆಯಲ್ಲಿ ನನ್ನಷ್ಟು ಏಕಾಗ್ರಚಿತ್ತದಿಂದ ಕಿವಿರಿನ ಅಧ್ಯಯನ ಮಾಡಿದ ಗಿರಾಕಿ ಇನ್ನೊಬ್ಬಳಿರಲಿಲ್ಲ. ಏಕೆಂದರೆ ಬುಟ್ಟಿಯ ಆಚೆ ಕುಳಿತವಳು ತದಡಿಯ ಗಣಪಿ. ಅವಳ ಮಗಳು ನಾಗವೇಣಿ ನನ್ನ ವಿದ್ಯಾರ್ಥಿನಿ. ಆ ಮಗಳನ್ನು ದಿಲ್ಲಿಗೆ ಕಳಿಸಿದವಳು ನಾನು.

“ಅಕ್ಕೋರೆ, ನಮ್ಮ ಹುಡ್ಗಿ ಅಲ್ಲಿ ಎಂತ ಮಾಡ್ತದೆ?” ಎಂದು ಗಣಪಿ ಪ್ರತಿಸಲವೂ ಕೇಳುತ್ತಿದ್ದಳು. ನಮ್ಮಲ್ಲಿ ಪಾಠ ಹೇಳುವ ಗಂಡಸು ಮಾಸ್ತರಾದರೆ ಹೆಂಗಸು ಅಕ್ಕೋರು. ನನ್ನ ಕಾಲೇಜಿನ ಪದವಿ, ಬಡ್ತಿಗಳೆಲ್ಲ ಮೀನುಪೇಟೆಯ ಮೆಟ್ಟಿಲಿನ ಈಚೆಗೇ ಉಳಿಯುತ್ತವೆ. “ಆಫೀಸು ಕೆಲಸ ಗಣಪಿ, ದೊಡ್ಡ ಆಫೀಸು” ಎಂದು ನಾನು ಬಂಗಡೆಯ ಕಿವಿರಿಗೆ ಹೇಳುತ್ತಿದ್ದೆ.

ಇದಕ್ಕೆಲ್ಲ ಮೂಲ ಇಂಟರ್ನ್‌ಶಿಪ್. ಪದವಿ ಮುಗಿಸಬೇಕಾದರೆ ಎರಡು ತಿಂಗಳು ಯಾವುದಾದರೂ ಸಂಸ್ಥೆಯಲ್ಲಿ ಪ್ರಾಯೋಗಿಕ ತರಬೇತಿ ಪಡೆದು, ಅಲ್ಲಿಂದ ಪ್ರಮಾಣಪತ್ರ ತರಬೇಕೆಂದು ನಿಯಮ ಬಂತು. ನಿಯಮದ ಜೊತೆಗೆ ಒಬ್ಬ ಸಂಯೋಜಕಿಯೂ ಬೇಕಾಗಿ, ಸಭೆಗೆ ತಡವಾಗಿ ಹೋದ ತಪ್ಪಿಗೆ ಆ ಹುದ್ದೆ ನನ್ನ ಕೊರಳಿಗೆ ಬಿತ್ತು. ಉಳಿದ ಮಕ್ಕಳು ಹೊನ್ನಾವರದ ಸೊಸೈಟಿ, ಭಟ್ಕಳದ ಬಟ್ಟೆಯಂಗಡಿ ಎಂದು ಬಸ್ಸು ಹತ್ತಿ ಸಂಜೆ ಮನೆ ಸೇರುವ ಜಾಗಗಳನ್ನು ಹಿಡಿದರು. ನಾಗವೇಣಿಯೊಬ್ಬಳೇ ದಿಲ್ಲಿಯ ಕಚೇರಿಯೊಂದಕ್ಕೆ ಅರ್ಜಿ ಹಾಕಿ ಆಯ್ಕೆಯಾದಳು. ಸಾರ್ವಜನಿಕರ ದೂರುಗಳನ್ನು ಸ್ವೀಕರಿಸುವ ಕಚೇರಿ ಅದು; ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಗೂ ಒಂದು ದೂರು ಹೋದೀತು.

ದಿಲ್ಲಿಯನ್ನು ನಾನು ಕಂಡವಳಲ್ಲ. ಆದರೂ ಮಾರ್ಗದರ್ಶಕಿಯಾದ ಮೇಲೆ ಮಾರ್ಗ ಗೊತ್ತಿಲ್ಲವೆನ್ನುವುದು ಹೇಗೆ? ಜನವರಿಯಲ್ಲಿ ದಿಲ್ಲಿಗೆ ಹೋಗಿ ನಡುಗಿ ಬಂದಿದ್ದ ನನ್ನ ಭಾವನ ಅನುಭವವನ್ನೇ ಆಧಾರವಾಗಿಟ್ಟುಕೊಂಡು, ಸ್ವೆಟರಿಲ್ಲದೆ ಹೋಗಕೂಡದೆಂದು ಗಂಭೀರವಾಗಿ ಅಪ್ಪಣೆ ಕೊಡಿಸಿದೆ. ಸಮುದ್ರದಂಡೆಯ ಮನೆಯಲ್ಲಿ ಸ್ವೆಟರೆಲ್ಲಿಂದ ಬರಬೇಕು! ಗಣಪಿ ಘಟ್ಟದ ಮೇಲಿನ ಶಿರಸಿಯ ಯಾರದೋ ಮನೆಯಿಂದ ಕಡ ತಂದುಕೊಟ್ಟಳು. ನಾಗವೇಣಿ ಅದನ್ನು ಹೊತ್ತು ದಿಲ್ಲಿಯಲ್ಲಿಳಿದದ್ದು ಮೇ ತಿಂಗಳಲ್ಲಿ. ಆಕೆ ಈ ಕುರಿತು ನನಗೆ ಏನೂ ಹೇಳಲಿಲ್ಲ. ಆ ವಾರದ ದಿನಚರಿಯಲ್ಲಿ “ಹವೆ ಬಿಸಿ ಇದೆ” ಎಂದಷ್ಟೇ ಬರೆದಳು.

ದಿನಚರಿಯನ್ನು ಪ್ರತಿ ಶನಿವಾರ ಮೊಬೈಲಿನಲ್ಲಿ ಕಳಿಸಬೇಕೆಂಬುದು ನನ್ನದೇ ಆವಿಷ್ಕಾರ. ಮೊದಲ ವಾರದ್ದು ಹೀಗಿತ್ತು: “ಸೋಮವಾರ ಕುಳಿತೆ. ಮಂಗಳವಾರ ಕುಳಿತೆ. ಬುಧವಾರ ಬೇರೆ ಕುರ್ಚಿಯಲ್ಲಿ ಕುಳಿತೆ.” ಆಡಳಿತಯಂತ್ರದ ಒಳನೋಟ ಇಷ್ಟು ಬೇಗ ಒಬ್ಬ ವಿದ್ಯಾರ್ಥಿನಿಗೆ ದಕ್ಕಿತಲ್ಲ ಎಂದು ನಾನು ಹೆಮ್ಮೆಯಿಂದ ಸಹಿ ಹಾಕಿದೆ. ಎರಡನೆಯ ವಾರ ಅವಳನ್ನು ಮುಂಬಾಗಿಲ ಕಿಟಕಿಯ ಬಳಿ ಹಾಕಿದರು. ಬಂದವರ ದೂರನ್ನು ಕಿಟಕಿಯಲ್ಲಿ ಇಸಿದುಕೊಂಡು, ಪುಸ್ತಕದಲ್ಲಿ ಹೆಸರು ಬರೆದು, ರಸೀದಿ ಹರಿದು, ‘ಉತ್ತರ ಅಂಚೆಯಲ್ಲಿ ಬರುತ್ತದೆ’ ಎಂದು ಹೇಳಿ ಕಳಿಸಿಬಿಡುವುದು ಕೆಲಸ. ಕೆಡಿಸಲು ಅದರಲ್ಲಿ ಏನಿದೆಯೆಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆದರೆ ನಮ್ಮೂರ ಸಂಗತಿ ನಿಮಗೆ ಗೊತ್ತಲ್ಲ. ಅಂಗಳಕ್ಕೆ ಬಂದವರು ಯಾರೇ ಇರಲಿ, ಮೊದಲು ‘ಕೂತ್ಕಣಿ’ ಎನ್ನಬೇಕು, ಆಮೇಲೆ ನೀರು-ಬೆಲ್ಲ ಇಡಬೇಕು, ಬಂದ ಕಾರಣ ಕೇಳುವುದು ಅದರ ನಂತರ. ಕರೆಂಟು ಕತ್ತರಿಸಲು ಬಂದ ಲೈನ್‌ಮನ್ನನೂ ನಮ್ಮ ಜಗಲಿಯಲ್ಲಿ ಕುಳಿತು, ಬೆಲ್ಲ ಕಚ್ಚಿ, ನೀರು ಕುಡಿದು, ಆಮೇಲೆಯೇ ಕಂಬ ಹತ್ತಿದ್ದಾನೆ. ನಾಗವೇಣಿ ಈ ಪದ್ಧತಿಯನ್ನು ಸ್ವೆಟರಿನೊಂದಿಗೆ ದಿಲ್ಲಿಗೆ ಒಯ್ದಿದ್ದಳು. ಪೆನ್ಷನ್ ನಿಂತುಹೋದ ಒಬ್ಬ ಅಜ್ಜನನ್ನು ಒಳಗೆ ಕರೆದು ಕೂರಿಸಿದಳು. ಮರುದಿನ ಸಭಾಭವನದಿಂದ ಎರಡು ಕುರ್ಚಿ ತಂದಳು. ಅದರ ಮರುದಿನ ನಾಲ್ಕು. ಆ ವಾರದ ದಿನಚರಿಯ ಒಂದು ತುಣುಕು ಇದು: “ಅಜ್ಜ ಪುನಃ ಬಂದಿದ್ದರು. ಕೂರಿಸಿದೆ. ನೀರು-ಬೆಲ್ಲ ಕೊಟ್ಟೆ. ಅವರು ಅಳಲಿಕ್ಕೆ ಶುರುಮಾಡಿದರು. ನನ್ನ ಹಿಂದಿ ಅಷ್ಟಕ್ಕೆ ಸಾಲುವುದಿಲ್ಲ. ಹಾಗಾಗಿ ನಾನೂ ಸುಮ್ಮನೆ ಹತ್ತಿರ ಕುಳಿತೆ.”

ಇದಕ್ಕೆ ಯಾವ ಶೀರ್ಷಿಕೆಯಡಿ ಅಂಕ ಕೊಡಬೇಕೆಂದು ನನಗೆ ತಿಳಿಯಲಿಲ್ಲ. ‘ಸಂವಹನ ಕೌಶಲ’ ಎಂದು ಬರೆದುಕೊಂಡೆ.

ನಿಂತವನು ರಸೀದಿ ತೆಗೆದುಕೊಂಡು ಹೋಗುತ್ತಾನೆ. ಕುಳಿತವನು ಸಾಹೇಬರನ್ನು ಕಾಣಬೇಕೆನ್ನುತ್ತಾನೆ. ಐದನೆಯ ವಾರ ಅಲ್ಲಿನ ಮೇಲಧಿಕಾರಿಯಿಂದ ನನಗೆ ಮಿಂಚಂಚೆ ಬಂತು. “ನಿಮ್ಮ ವಿದ್ಯಾರ್ಥಿನಿಯ ಕಾರಣದಿಂದ ಕಚೇರಿಗೆ ಸಾರ್ವಜನಿಕರು ಬರತೊಡಗಿದ್ದಾರೆ” ಎಂಬುದು ಅದರ ಮುಖ್ಯ ಆರೋಪ. ಇನ್ನು ಮುಂದೆ ಯಾರನ್ನೂ ಕೂರಿಸುವುದಿಲ್ಲವೆಂದು, ಕೂರಿಸಿದ್ದು ತಪ್ಪಾಯಿತೆಂದು ಅವಳು ಬರೆದುಕೊಟ್ಟರೆ ಮಾತ್ರ ಪ್ರಮಾಣಪತ್ರ, ಇಲ್ಲವಾದರೆ ಇಲ್ಲ. ಪ್ರಮಾಣಪತ್ರವಿಲ್ಲದಿದ್ದರೆ ಆ ಸೆಮಿಸ್ಟರ್ ಫೇಲು. ಫೇಲಾದರೆ ಅವಳು ಆಸೆಪಟ್ಟಿದ್ದ ಬಿ.ಎಡ್. ಈ ವರ್ಷ ಇಲ್ಲ. ಮುಂದಿನ ವರ್ಷಕ್ಕೆ ತದಡಿಯಲ್ಲಿ ಯಾರು ಏನು ನಿಶ್ಚಯ ಮಾಡಿರುತ್ತಾರೋ! ಆ ಮನೆಯಲ್ಲಿ ಡಿಗ್ರಿಯ ಹೊಸ್ತಿಲವರೆಗೆ ಬಂದವಳು ಅವಳೊಬ್ಬಳೇ.

ಸಂಜೆ ಅವಳದೇ ಫೋನು. “ಮೇಡಂ, ಬರ್ದುಕೊಡು ಅಂತ್ರು. ಎಂತ ಮಾಡೂದು?”

ಇಲ್ಲಿ ನಾನು ಒಂದು ಉದಾತ್ತವಾದ ಮಾತು ಆಡಿದೆನೆಂದು ಬರೆದುಕೊಳ್ಳಲು ಕೈ ತುರಿಸುತ್ತಿದೆ. ಆಡಿದ್ದು ಇದು: “ಬರ್ದುಕೊಡೇ ಮಾರಾಯ್ತಿ. ಒಂದು ಸಹಿ ಅಲ್ವನೇ? ಊರಿಗೆ ಬಂದ್ಮೇಲೆ ಯಾರನ್ನ ಬೇಕಾದ್ರೂ ಕೂರ್ಸು.” ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ನನ್ನ ಸೇವಾವಧಿಯ ಸಾರಾಂಶವೇ ಅದು. “ಆತು ಮೇಡಂ” ಎಂದಳು. ನಾನು ನಿಶ್ಚಿಂತೆಯಿಂದ ಅನ್ನಕ್ಕಿಟ್ಟೆ.

ಜುಲೈನಲ್ಲಿ ನಾಗವೇಣಿ ವಾಪಸು ಬಂದಳು. ಸ್ವೆಟರಿತ್ತು, ಪ್ರಮಾಣಪತ್ರ ಇರಲಿಲ್ಲ.

“ಬರೀಲಿಕ್ಕೆ ಕೂತಿದ್ದೆ ಮೇಡಂ. ಕಿಟಕಿ ಹೊರಗೆ ಆ ಅಜ್ಜ ನಿಂತಿದ್ರು. ಕೈ ಓಡ್ಲಿಲ್ಲ” ಎಂದಳು, ನೆಲ ನೋಡುತ್ತ.

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಬೈದೆ ಕೂಡ. ಮನೆಗೆ ಹೋದ ಮೇಲೆ ನಾಚಿಕೆಯೂ ಆಯಿತು. ಸಿಟ್ಟಿಗಿಂತ ಅದೇ ಹೆಚ್ಚು ಹೊತ್ತು ನಿಂತಿತು. ಮರುದಿನ ಪ್ರಾಚಾರ್ಯರಿಗೆ ಎರಡು ಪುಟದ ವರದಿ ಬರೆದೆ. ಅವಳ ದಿನಚರಿಗಳನ್ನೆಲ್ಲ ಲಗತ್ತಿಸಿ, ನಡೆದದ್ದನ್ನು ನಡೆದಂತೆ ಬರೆದು, ಕೊನೆಗೆ ‘ಸಹಿ ಹಾಕೆಂದು ಸಂಯೋಜಕಿಯಾದ ನಾನೇ ಸಲಹೆ ಮಾಡಿದ್ದೆ, ವಿದ್ಯಾರ್ಥಿನಿ ಕೇಳಲಿಲ್ಲ’ ಎಂಬುದನ್ನೂ ಸೇರಿಸಿದೆ. ಪ್ರಾಚಾರ್ಯರು ಎರಡು ಸಲ ಓದಿ, ಕನ್ನಡಕ ಒರೆಸಿ, “ಪ್ರಮಾಣಪತ್ರದ ಬದಲು ಈ ವರದಿ ಇರಲಿ. ಮೌಖಿಕ ಪರೀಕ್ಷೆಗೆ ಕೂರಲಿ, ಪರೀಕ್ಷಕರು ಏನು ಹೇಳುತ್ತಾರೋ ನೋಡುವ” ಎಂದರು. ಅಂದರೆ ಎಲ್ಲವೂ ಹೊರಗಿನಿಂದ ಬರುವ ಒಬ್ಬ ಪರೀಕ್ಷಕರ ಕೈಯಲ್ಲಿ.

ಪರೀಕ್ಷಕರು ನಗುವ ಜಾತಿಯವರಾಗಿರಲಿಲ್ಲ. ಕಡತ ತಿರುವಿ ಕೇಳಿದರು: “ದೇಶದ ರಾಜಧಾನಿಯಲ್ಲಿ ಎರಡು ತಿಂಗಳು ಇದ್ದು ಏನು ಕಲಿತೆ?”

ನಾಗವೇಣಿ ಸ್ವಲ್ಪ ಯೋಚಿಸಿದಳು. “ಬಂದವ್ರನ್ನ ನಿಲ್ಸಿಯೇ ಮಾತಾಡ್ಸಿ ಕಳ್ಸೂದು ಹೇಗೆ ಅಂತ ಕಲ್ಸಿದ್ರು ಸರ್. ತುಂಬ ಪ್ರಯತ್ನ ಮಾಡ್ದೆ. ಬರ್ಲಿಲ್ಲ.”

ಪರೀಕ್ಷಕರು ಅವಳ ದಿನಚರಿಯ ಒಂದು ಪುಟವನ್ನು, ಅಜ್ಜ ಅತ್ತ ಪುಟವನ್ನು, ಬಹಳ ಹೊತ್ತು ಓದಿದರು. ಆಮೇಲೆ ತೇರ್ಗಡೆಗೆ ಎಷ್ಟು ಬೇಕೋ ಅಷ್ಟು ಅಂಕ ಬರೆದು ಪೆನ್ನು ಮುಚ್ಚಿದರು. ಅದಕ್ಕಿಂತ ಒಂದೂ ಹೆಚ್ಚಿಲ್ಲ. ನನಗೆ ಅಳು ಬಂದಂತಾಗಿ, ನೆಗಡಿಯೆಂದು ಹೇಳಿ ಮೂಗು ಒರೆಸಿಕೊಂಡೆ.

ಅಂದೇ ಮೀನುಪೇಟೆಗೆ ಹೋಗಿ ಗಣಪಿಗೆ ಎಲ್ಲವನ್ನೂ ಹೇಳಿದೆ. ದೊಡ್ಡ ಆಫೀಸಿನ ಕಥೆ, ಮಿಂಚಂಚೆ, ನನ್ನ ಸಲಹೆ, ಒಂದನ್ನೂ ಮುಚ್ಚಿಡಲಿಲ್ಲ. ಮಗಳು ಪಾಸಾದದ್ದು ಅವಳಿಗೆ ಕೂಡಲೇ ತಿಳಿಯಿತು. ತಿಳಿಯದೆ ಹೋದದ್ದು ಬೇರೆಯದು.

“ಹೌದನಾ? ಮತ್ತೆ ಅದು ಮಾಡಿದ ತಪ್ಪು ಎಂತದು ಅಕ್ಕೋರೆ?”

“ಬಂದವರನ್ನ ಕೂರಿಸಿತು.”

“ಅದು ಆತು. ತಪ್ಪು ಎಂತದು?”

ಮೂರು ಸಲ ವಿವರಿಸಿದೆ. ಆಡಳಿತ, ಶಿಸ್ತು, ಕಾರ್ಯದಕ್ಷತೆ ಎಂಬ ಶಬ್ದಗಳನ್ನೆಲ್ಲ ಬಳಸಿದೆ. ಗಣಪಿ ತಾಳ್ಮೆಯಿಂದ ಕೇಳಿ, ಪಾಪ, ಅಕ್ಕೋರಿಗೂ ಸರಿಯಾಗಿ ಗೊತ್ತಿಲ್ಲವೆಂದು ತೀರ್ಮಾನಿಸಿ, ಮೀನು ಕೊಯ್ಯತೊಡಗಿದಳು.

ಕಾಲೇಜಿನ ನನ್ನ ಕೋಣೆಯಲ್ಲಿ ಎರಡು ಕುರ್ಚಿಗಳಿವೆ. ಒಂದರಲ್ಲಿ ನಾನು ಕೂರುತ್ತೇನೆ. ಎದುರಿನದರಲ್ಲಿ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳು, ನಾನು ಆ ಕೋಣೆಗೆ ಬಂದಾಗಿನಿಂದ ಕುಳಿತಿದ್ದವು. ಮರುದಿನ ಬೆಳಿಗ್ಗೆ ಅವನ್ನು ಕೆಳಗಿಳಿಸಿ, ಧೂಳು ಒರೆಸಿ, ಕುರ್ಚಿಯ ಬಣ್ಣ ಹಸಿರೆಂದು ಮೊದಲ ಬಾರಿಗೆ ಕಂಡುಕೊಂಡೆ. ಹತ್ತು ಗಂಟೆಗೆ ನಾಗವೇಣಿ ಬಿ.ಎಡ್. ಅರ್ಜಿಗೆ ನನ್ನ ಸಹಿ ಕೇಳಿಕೊಂಡು ಬಂದು, ಮೂರು ವರ್ಷ ನಿಂತ ಜಾಗದಲ್ಲೇ ನಿಂತಳು.

“ಕೂತ್ಕ” ಎಂದೆ.

ಅವಳು ಯಾರೋ ಬಂದರೆಂದು ಹಿಂದೆ ತಿರುಗಿ ನೋಡಿ, ಅವರಿಗೆ ದಾರಿಯಾಗಲೆಂದು ಪಕ್ಕಕ್ಕೆ ಸರಿದು ನಿಂತಳು.