ಗಿರಿಜಮ್ಮನ ತಾರಸಿ ಮೇಲೆ ಕರಡಿ ಸ್ಯಾಂಪಲ್

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ವರ್ಷ, ಅಂದರೆ ಕೊರೊನಾ ಬರುವುದಕ್ಕೆ ಮೂರು ವರ್ಷ ಮೊದಲು, ನಾನು ಒಂದು ವನ್ಯಜೀವಿ ಸಂಶೋಧನಾ ಸಂಸ್ಥೆಯಲ್ಲಿ ಗ್ರಾಜುಯೇಟ್ ಟ್ರೇನಿಯಾಗಿ ಸೇರಿದೆ. ಆಗತಾನೇ ಪದವಿ ಮುಗಿಸಿದವರನ್ನು ಒಂದು ವರ್ಷ ಇಟ್ಟುಕೊಂಡು, ಸ್ಟೈಪೆಂಡ್ ಕೊಟ್ಟು, ಕಾಡಿನಲ್ಲೂ ಲ್ಯಾಬಿನಲ್ಲೂ ಕೆಲಸ ಕಲಿಸುವ ಯೋಜನೆ ಅದು. ವರ್ಷ ಮುಗಿಯುವ ಹೊತ್ತಿಗೆ ಮೌಲ್ಯಮಾಪನ. ಅದರಲ್ಲಿ ಗೆದ್ದವರಿಗೆ ಪ್ರಾಜೆಕ್ಟ್‌ನಲ್ಲಿ ಕೆಲಸ, ಮುಂದೆ ಪಿಎಚ್.ಡಿ.ಗೆ ದಾರಿ. ಉಳಿದವರಿಗೆ ಒಂದು ಸರ್ಟಿಫಿಕೇಟು, ಒಂದು ಗ್ರೂಪ್ ಫೋಟೊ. ನನಗೆ ಸಿಕ್ಕ ಜಾಗ ಮಧುಗಿರಿ. ವಿಷಯ, ಕರಡಿಯ ಆಹಾರ.

ಕರಡಿ ಏನು ತಿನ್ನುತ್ತದೆ ಎಂದು ತಿಳಿಯಲು ಅದರ ಹಿಂದೆ ನಡೆದುಕೊಂಡು ಹೋಗಲಾಗದು. ಹಾಗೆ ಹೋದವರನ್ನು ಕರಡಿ ಇಷ್ಟಪಡುವುದಿಲ್ಲ. ಅದಕ್ಕೇ ಅದರ ಮಲ ಹುಡುಕಿ ತರಬೇಕು, ಬಿಸಿಲಿಗೆ ಒಣಗಿಸಬೇಕು, ಆಮೇಲೆ ನೀರಿನಲ್ಲಿ ಜಾಲಾಡಿ ಜರಡಿ ಹಿಡಿದು, ಉಳಿದ ಬೀಜ, ಇರುವೆಯ ತಲೆ, ಗೆದ್ದಲಿನ ಚೂರುಗಳನ್ನು ಲೆನ್ಸ್ ಕೆಳಗೆ ಬೇರೆ ಮಾಡಿ ಗುರುತಿಸಬೇಕು. ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಸ್ಕ್ಯಾಟ್ ಅನಾಲಿಸಿಸ್ ಎನ್ನುತ್ತಾರೆ. ಸ್ಕ್ಯಾಟ್ ಎಂದರೆ ಮಲವೇ. ಇಂಗ್ಲಿಷ್‌ನಲ್ಲಿ ಹೇಳಿದರೆ ವಾಸನೆ ಸ್ವಲ್ಪ ಕಡಿಮೆ, ಅಷ್ಟೇ ವ್ಯತ್ಯಾಸ.

ನಮ್ಮ ಮನೆ ಶಿರಾ ತಾಲ್ಲೂಕಿನ ಗೌಡಗೆರೆಯಲ್ಲಿ. ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ನನ್ನ ಆರ್ಡರ್ ಕಾಪಿಗೆ ಕಟ್ಟು ಹಾಕಿಸಿ ಬುದ್ಧನ ಪಟದ ಕೆಳಗೆ ತೂಗುಹಾಕಿದ್ದರು. ಬಂದವರಿಗೆಲ್ಲ ಮಗಳು ಸೈಂಟಿಸ್ಟ್ ಆದಳು ಎನ್ನುತ್ತಿದ್ದರು. ಟ್ರೇನಿ ಎಂಬ ಪದ ಅವರ ಕಣ್ಣಿಗೆ ಕೊನೆಯವರೆಗೂ ಬೀಳಲಿಲ್ಲ. ಮಧುಗಿರಿಯಲ್ಲಿ ನನಗೆ ರೂಮು ಹುಡುಕಲು ಅವರೇ ಬಂದರು. ಬಾಡಿಗೆ ಮನೆ ಕೇಳಲು ಹೋದಾಗ ಮಾತು ಮೂರನೆಯದೋ ನಾಲ್ಕನೆಯದೋ ಪ್ರಶ್ನೆಗೆ ಜಾತಿಗೆ ಬಂದು ನಿಲ್ಲುತ್ತದೆಂಬುದು ಅವರ ಅನುಭವ. ಆ ಪ್ರಶ್ನೆಗೆ ಜಾಗವೇ ಸಿಗದಂತೆ ಅವರು ಉಸಿರು ಬಿಡದೆ ನನ್ನ ಸಂಶೋಧನೆಯ ಬಗ್ಗೆ ಮಾತಾಡಿದರು. ಮಣ್ಣು, ಬೆಳೆ, ಸಾವಯವ, ಕಾಡಿನ ಫಲವತ್ತತೆ ಎಲ್ಲ ಬಂದವು. ಕರಡಿ ಒಂದು ಬರಲಿಲ್ಲ.

ಮನೆಯೊಡತಿ ಗಿರಿಜಮ್ಮ ನಿವೃತ್ತ ಅಂಗನವಾಡಿ ಕಾರ್ಯಕರ್ತೆ. ಒಂಟಿ ಜೀವ. ತಾರಸಿ ತುಂಬ ಹಳೆಯ ಪೇಂಟ್ ಡಬ್ಬಗಳಲ್ಲಿ ಗುಲಾಬಿ, ಕನಕಾಂಬರ, ಸೇವಂತಿಗೆ ಬೆಳೆಸಿದ್ದರು. ಅಪ್ಪನ ಭಾಷಣ ಪೂರ್ತಿ ಕೇಳಿ, ಗಿಡದ ಸುದ್ದಿ ಗೊತ್ತಿರೋ ಹುಡುಗಿ ಆದ್ರೆ ಒಳ್ಳೇದೇ ಆಯ್ತು ಎಂದು ಬೀಗದಕೈ ಕೊಟ್ಟರು. ಬೇರೇನೂ ಕೇಳಲಿಲ್ಲ.

ಅರಣ್ಯ ಇಲಾಖೆಯ ವಾಚರ್ ಒಬ್ಬರ ಜೊತೆ ನಾನು ಮಧುಗಿರಿ, ಕೊರಟಗೆರೆ ಕಡೆಯ ಗುಡ್ಡಗಳ ಬುಡ ಸುತ್ತತೊಡಗಿದೆ. ಕಂಡದ್ದನ್ನು ಜಿಪ್ ಕವರಿಗೆ ತುಂಬಿ, ಜಾಗ ಮತ್ತು ತಾರೀಕು ಬರೆದು ತಂದು, ತಾರಸಿಯಲ್ಲಿ ನ್ಯೂಸ್‌ಪೇಪರ್ ಹಾಸಿ ಒಣಗಿಸುತ್ತಿದ್ದೆ. ಗಾಳಿಗೆ ಪೇಪರ್ ಹಾರುತ್ತಿದ್ದುದನ್ನು ನೋಡಿ ಗಿರಿಜಮ್ಮ ತಮ್ಮ ಎರಡು ಮೊರಗಳನ್ನೇ ತಂದುಕೊಟ್ಟರು. ನಾನು ದಂಗಾದೆ. ದಿನಾ ಕಣ್ಣೆದುರಿಗೇ ನಡೆಯುವ ಕೆಲಸ, ಅವರಿಗೆ ಎಲ್ಲ ಗೊತ್ತಿರಬೇಕೆಂದೇ ನನ್ನ ಎಣಿಕೆ. ಕರಡಿಯ ಲದ್ದಿಗೆ ಅಡುಗೆಮನೆಯ ಮೊರ ಕೊಡುವಂಥ ವಿಶಾಲ ಮನಸ್ಸಿನ ಹೆಂಗಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಸಂಜೆ ಅಪ್ಪನಿಗೆ ಫೋನ್ ಮಾಡಿ ಅವರನ್ನು ಹೊಗಳಿದ್ದೇ ಹೊಗಳಿದ್ದು.

ಚಳಿಗಾಲ ಕಳೆಯುವ ಹೊತ್ತಿಗೆ ಸೀತಾಫಲ, ಕಾರೆ, ಎಲಚಿ ಹಣ್ಣಿನ ಕಾಲದ ಸ್ಯಾಂಪಲ್‌ಗಳು ಒಣಗಿ, ಕವರ್ ಸೇರಿ, ತಾರಸಿಯ ಮೆಟ್ಟಿಲ ಕೆಳಗಿನ ಚೀಲಗಳಲ್ಲಿ ತುಂಬಿದ್ದವು. ಜರಡಿ ಹಿಡಿದು ಲೆನ್ಸ್ ಕೆಳಗೆ ನೋಡಿ ಮುಗಿಸಿದ್ದು ಸ್ವಲ್ಪ. ಉಳಿದದ್ದನ್ನು ಬಂದ ಮೇಲೆ ನೋಡೋಣವೆಂದು ಫೆಬ್ರವರಿಯಲ್ಲಿ ಒಂದು ವಾರದ ಕಾರ್ಯಾಗಾರಕ್ಕೆ ಬೆಂಗಳೂರಿಗೆ ಹೋದೆ. ಅಲ್ಲಿ ಸ್ಯಾಂಪಲ್‌ಗಳನ್ನು ಸುರಕ್ಷಿತವಾಗಿ ಇಡುವುದು ಹೇಗೆ ಎಂಬ ಬಗ್ಗೆಯೇ ಒಂದು ಇಡೀ ದಿನ ಪಾಠವಿತ್ತು.

ವಾಪಸ್ ಬಂದು ತಾರಸಿ ಹತ್ತಿದೆ. ಬಟ್ಟೆ ಒಣಗಿಸುವ ತಂತಿಯ ಈ ತುದಿಯಿಂದ ಆ ತುದಿಯವರೆಗೆ ನನ್ನ ಜಿಪ್ ಕವರುಗಳು ಕ್ಲಿಪ್ ಹಾಕಿಸಿಕೊಂಡು ಗಾಳಿಗೆ ಆಡುತ್ತಿದ್ದವು. ತೊಳೆದು ಫಳಫಳ ಮಾಡಿದ್ದ ಕವರುಗಳು. ಮೇಲೆ ಬರೆದಿದ್ದ ಜಾಗ, ತಾರೀಕು ಒಂದೂ ಉಳಿದಿರಲಿಲ್ಲ.

ಗಿರಿಜಮ್ಮ ನಗುನಗುತ್ತಾ ಬಂದರು. "ಒಳ್ಳೆ ಗಟ್ಟಿ ಕವರು ಕಣಮ್ಮ, ಬಿಸಾಕ್ಬ್ಯಾಡ ಅಂತ ತೊಳ್ದು ಹಾಕ್ದೆ."

ಒಳಗಿದ್ದದ್ದು ಎಲ್ಲಿ ಎಂದು ಕೇಳಿದೆ.

"ಗಿಡಕ್ಕೆ ಹಾಕ್ಬುಟ್ಟೆ. ಮೋಡ ಆಗಿತ್ತು, ನೆಂದು ಹಾಳಾಗದು ಯಾಕೆ. ಗೊಬ್ಬರಾನ ಹಿಂಗೆ ಕಟ್ಟಿಟ್ಕಂಡು ಕುಂತ್ರೆ ಏನು ಬಂತು?"

ಆಗ ನನಗೆ ಎರಡು ವಿಷಯ ಒಟ್ಟಿಗೆ ಅರ್ಥವಾದವು. ಅಪ್ಪ ನನ್ನನ್ನು ಸಾವಯವ ಗೊಬ್ಬರದ ವಿಜ್ಞಾನಿಯನ್ನಾಗಿ ಮಾಡಿ ಹೋಗಿದ್ದರು. ಗಿರಿಜಮ್ಮನ ವಿಶಾಲ ಮನಸ್ಸಿಗೆ ಈವರೆಗೆ ಪರೀಕ್ಷೆಯೇ ನಡೆದಿರಲಿಲ್ಲ. ಅದು ಕರಡಿಯದ್ದು ಎಂದು ನಿಧಾನವಾಗಿ ಹೇಳಿದೆ. ಹೇಳುವಾಗಲೇ ರೂಮು ಖಾಲಿ ಮಾಡುವ ಲೆಕ್ಕ ಹಾಕುತ್ತಿದ್ದೆ.

ಅವರು ಮೊದಲು ಗುಲಾಬಿ ಕಡೆ ನೋಡಿದರು. ಆಮೇಲೆ ಗೋಡೆಗೆ ಒರಗಿಸಿಟ್ಟ ಮೊರಗಳ ಕಡೆ ನೋಡಿದರು. ಮೊರದ ಮೇಲೆ ಕಣ್ಣು ಬಹಳ ಹೊತ್ತು ನಿಂತಿತು.

"ಹೋದ್ವಾರ ಅದ್ರಾಗೇ ಸಂಡಿಗೆ ಒಣಗ್ಸಿದ್ದೆ," ಎಂದರು. "ನೀನಿಲ್ದಾಗ ನಿಮ್ಮಪ್ಪಾರು ಈ ಕಡೆ ಬಂದಿದ್ರು, ಅವ್ರಿಗೂ ಒಂದ್ ಕವರ್ ಕೊಟ್ ಕಳ್ಸಿದೆ."

ಅಪ್ಪ ಫೋನಿನಲ್ಲಿ ಸಂಡಿಗೆ ಎಷ್ಟು ಗರಿಗರಿಯಾಗಿತ್ತೆಂದು ವರ್ಣಿಸಿದ್ದು ನೆನಪಾಯಿತು. ಅವರಿಗೆ ಈ ವಿಷಯ ಇವತ್ತಿನವರೆಗೂ ತಿಳಿಯದು. ಇದನ್ನು ಓದಿದರೆ ತಿಳಿಯುತ್ತದೆ.

ಗಿರಿಜಮ್ಮ ಕೊನೆಗೆ ಹೇಳಿದ್ದಿಷ್ಟು: "ಕರಡಿ ಹಣ್ಣು ತಾನೇ ತಿನ್ನೋದು. ಮೊರ ತೊಳ್ಕಂಡೇ ಒಣಗ್ಸಿದ್ದು ಬುಡು. ಆ ಮೊರ ಇನ್ಮ್ಯಾಕೆ ನೀನೇ ಇಟ್ಕ." ರೂಮು ಉಳಿಯಿತು. ವರ್ಷದ ಕೆಲಸ ಉಳಿಯಲಿಲ್ಲ.

ಸಂಡಿಗೆಯ ಮಾತು ಬಿಟ್ಟು ಉಳಿದದ್ದನ್ನೆಲ್ಲ ಅಪ್ಪನಿಗೆ ಹೇಳಿದಾಗ ಅವರು ಮೇಷ್ಟ್ರ ಥರವೇ ಯೋಚಿಸಿದರು. ಹೋಂವರ್ಕ್ ಕಳೆದುಹೋದರೆ ಇನ್ನೊಮ್ಮೆ ಬರೆಯಬೇಕು, ಕರಡಿಯೇನೂ ಊರು ಬಿಟ್ಟಿಲ್ಲವಲ್ಲ ಎಂದರು. ಭಾನುವಾರ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು, ಛತ್ರಿ ಹಿಡಿದು ಬಂದೇಬಿಟ್ಟರು. ವಾಚರ್ ಮುಂದೆ, ನಾನು ನಡುವೆ, ಅಪ್ಪ ಹಿಂದೆ. ಬಂಡೆಯ ಪಕ್ಕ ಮೊದಲ ಸ್ಕ್ಯಾಟ್ ಕಂಡವರು ಅಪ್ಪನೇ. ಛತ್ರಿಯ ತುದಿಯಲ್ಲಿ ತೋರಿಸಿ, ತಮ್ಮ ಶಾಲೆಯ ಮಕ್ಕಳಿಗೆ ರ‍್ಯಾಂಕ್ ಬಂದಾಗ ಆಗುವಷ್ಟೇ ಖುಷಿಪಟ್ಟರು. ಆದರೆ ಹಣ್ಣಿನ ಕಾಲ ಮುಗಿದಿತ್ತು. ಆ ದಿನ ಸಿಕ್ಕಿದ್ದರಲ್ಲೆಲ್ಲ ಇರುವೆ, ಗೆದ್ದಲು, ಅಲ್ಲೊಂದು ಇಲ್ಲೊಂದು ಕಕ್ಕೆ ಬೀಜ. ಕಳೆದುಹೋದ ಚಳಿಗಾಲವನ್ನು ಕರಡಿ ಮತ್ತೆ ಕೊಡಲಾರದು. ಮಲಕ್ಕೂ ಋತು ಇರ್ತದೆ ಅನ್ನು ಎಂದು ಅಪ್ಪ ಬಸ್ ಹತ್ತುವಾಗ ಸಣ್ಣ ದನಿಯಲ್ಲಿ ಹೇಳಿದರು.

ನನ್ನ ಮೇಲ್ವಿಚಾರಕಿ ಡಾ. ಪದ್ಮಿನಿ ಮೇಡಂಗೆ ಇಮೇಲ್ ಬರೆಯಬೇಕಿತ್ತು. ಮನೆಯೊಡತಿಯವರು ಸ್ಯಾಂಪಲ್‌ಗಳನ್ನು ಗುಲಾಬಿ ಗಿಡಗಳಿಗೆ ಹಾಕಿದರು ಎಂಬುದನ್ನು ವೈಜ್ಞಾನಿಕ ಇಂಗ್ಲಿಷ್‌ನಲ್ಲಿ ಬರೆಯಲು ಎಷ್ಟೋ ಬಾರಿ ಪ್ರಯತ್ನಿಸಿದೆ. ಹೇಗೆ ಬರೆದರೂ ಗುಲಾಬಿ ಗುಲಾಬಿಯಾಗಿಯೇ ಉಳಿಯಿತು. ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸಿದೆ. ಮೌಲ್ಯಮಾಪನಕ್ಕೆ ಮೇ ತಿಂಗಳಲ್ಲಿ ತಾವೇ ಮಧುಗಿರಿಗೆ ಬರುವುದಾಗಿ ಉತ್ತರ ಬಂತು. ಅದರಲ್ಲಿ ಬೇರೆ ಮಾತಿರಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಏಪ್ರಿಲ್‌ನ ಒಂದು ಬೆಳಿಗ್ಗೆ ತಾರಸಿಯಲ್ಲಿ ಗಿರಿಜಮ್ಮ ಗೊಣಗುತ್ತಿದ್ದರು. ನನ್ನ ಗೊಬ್ಬರ ಬಿದ್ದ ಡಬ್ಬಗಳಲ್ಲೆಲ್ಲ ಕಳೆ ಎದ್ದಿದೆಯಂತೆ, ಗುಲಾಬಿಗೆ ಉಸಿರಾಡಲು ಜಾಗವಿಲ್ಲವಂತೆ. ಸಿಟ್ಟಿನಲ್ಲಿ ಕಿತ್ತ ಒಂದು ಸಸಿಯನ್ನು ನನ್ನ ಮುಂದೆ ಹಿಡಿದರು. ಅದರ ಬೇರಿನ ಬುಡದಲ್ಲಿ ಒಡೆದ ಗಟ್ಟಿ ಓಟೆ ಅಂಟಿಕೊಂಡಿತ್ತು. ಲೆನ್ಸ್ ಕೆಳಗೆ ಅದನ್ನು ಎಷ್ಟು ನೋಡಿದ್ದೆನೋ. ಎಲಚಿ. ಪಕ್ಕದ ಡಬ್ಬದಲ್ಲಿ ಸೀತಾಫಲ ಎರಡೆರಡು ಎಲೆ ಬಿಚ್ಚಿ ನಿಂತಿತ್ತು. ಕರಡಿಯ ಹೊಟ್ಟೆಯನ್ನು ಹಾದುಬಂದ ಬೀಜ ಮೊಳೆತಿತ್ತು.

ಕೀಳಬೇಡಿ ಎಂದು ಅವರ ಕೈ ಹಿಡಿದುಕೊಂಡೆ. ನನ್ನ ಗುಲಾಬಿ ಗತಿ ಏನು ಎಂದು ಅವರು ಕೇಳಿದರು. ಮಾತುಕತೆ ಗಡುಸಾಗಿಯೇ ನಡೆಯಿತು. ಕೊನೆಗೆ ಮೇಡಂ ಬಂದು ಹೋಗುವವರೆಗೆ ಕಳೆಗೆ ಅಭಯ, ಗುಲಾಬಿ ಸತ್ತರೆ ಶಿರಾ ನರ್ಸರಿಯಿಂದ ಬಣ್ಣಕ್ಕೆ ಬಣ್ಣ ನೋಡಿ ಹೊಸ ಗಿಡ, ದಿನಾ ನೀರು ಹೊರುವುದು ನನ್ನ ಕೆಲಸ ಎಂದು ತೀರ್ಮಾನವಾಯಿತು.

ಪದ್ಮಿನಿ ಮೇಡಂ ಬಂದರು. ನನ್ನ ರಿಪೋರ್ಟನ್ನು ಮುಟ್ಟದೆ ನೇರವಾಗಿ ತಾರಸಿ ಹತ್ತಿ, ಡಬ್ಬಗಳ ಮುಂದೆ ಮಂಡಿಯೂರಿದರು. ನಾನು ಸಸಿಗಳನ್ನು ಒಂದೊಂದಾಗಿ ಗುರುತಿಸಿ ಹೇಳಿದೆ. ಅವರು ನನ್ನನ್ನು ಬಿಟ್ಟು ಗಿರಿಜಮ್ಮನನ್ನು ಪ್ರಶ್ನಿಸತೊಡಗಿದರು. ಎಲ್ಲ ಡಬ್ಬಕ್ಕೂ ಇದನ್ನೇ ಹಾಕಿದ್ದೀರಾ? ಇಲ್ಲ, ಸಾಲದಾಗಿ ಅರ್ಧಕ್ಕೆ ಹಸುವಿನ ಗೊಬ್ಬರ ಹಾಕಿದ್ದರು. ಅವುಗಳಲ್ಲಿ ಇಂಥ ಸಸಿ ಬಂತೇ? ಒಂದೂ ಇಲ್ಲ. ಮಣ್ಣು, ನೀರು? ಎಲ್ಲಕ್ಕೂ ಒಂದೇ. ಯಾವ ಡಬ್ಬಕ್ಕೆ ಯಾವುದು ಅಂತ ಹೇಗೆ ಆರಿಸಿದಿರಿ?

"ಆರ್ಸೋದೇನು ಬಂತು," ಎಂದರು ಗಿರಿಜಮ್ಮ. "ಕೈಗೆ ಯಾವ್ದು ಸಿಕ್ತೋ ಅದ್ನ ಹಾಕ್ದೆ."

ಮೇಡಂ ನನ್ನ ಕಡೆ ತಿರುಗಿದರು. "ಕಂಟ್ರೋಲ್ ಇಟ್ಟಿದಾರೆ, ರ‍್ಯಾಂಡಮೈಸ್ ಮಾಡಿದಾರೆ. ಟ್ರೇನಿ ನೀವಾ, ಇವರಾ?"

ಹೋಲಿಸಿ ನೋಡಲು ಬೇರೆಯಾಗಿ ಇಡುವುದು ಕಂಟ್ರೋಲ್. ನಮ್ಮ ಇಷ್ಟಾನಿಷ್ಟ ನುಸುಳದಂತೆ ಲಾಟರಿಯ ಹಾಗೆ ಹಂಚುವುದು ರ‍್ಯಾಂಡಮೈಸೇಶನ್. ಎರಡನ್ನೂ ನಾನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದೆ. ಮಾಡಿರಲಿಲ್ಲ. ನಕ್ಕೆ. ಮೇಡಂ ನಗಲಿಲ್ಲ.

"ಇದು ಪ್ರಯೋಗ ಅಲ್ಲ," ಎಂದರು. "ಯಾವ ಗುಡ್ಡದ್ದು, ಯಾವ ತಿಂಗಳದ್ದು, ಏನೂ ಗೊತ್ತಿಲ್ಲ. ಒಂದು ಸಾಲೂ ಪ್ರಕಟ ಮಾಡೋಕೆ ಬರಲ್ಲ. ಆದರೆ ಒಳ್ಳೆ ಪ್ರಶ್ನೆ. ಇದನ್ನ ಸರಿಯಾಗಿ ಮಾಡ್ತೀರಾ?"

ಸ್ಯಾಂಪಲ್ ನಿರ್ವಹಣೆಯಲ್ಲಿ ಅವರು ನನಗೆ ಕೊಟ್ಟ ಅಂಕವನ್ನು ಇಲ್ಲಿ ಬರೆಯುವುದಿಲ್ಲ. ಆ ಬ್ಯಾಚಿನಲ್ಲಿ ಅದಕ್ಕಿಂತ ಕಡಿಮೆ ಯಾರಿಗೂ ಬಂದಿರಲಿಲ್ಲ. ಆದರೂ ಇನ್ನೊಂದು ವರ್ಷ ಸಿಕ್ಕಿತು. ಮುಂದಿನ ಚಳಿಗಾಲ ಕರಡಿ ತಿಂದ ಬೀಜ ಒಂದು ಸಾಲು, ಮರದಿಂದ ನೇರ ಕಿತ್ತ ಹಣ್ಣಿನ ಬೀಜ ಇನ್ನೊಂದು ಸಾಲು, ಗುರುತು ಬರೆದ ಕುಂಡಗಳಲ್ಲಿ ಬಿತ್ತಿದೆವು. ನನ್ನ ಪಿಎಚ್.ಡಿ. ಶುರುವಾದದ್ದು ಆ ತಾರಸಿಯಲ್ಲೇ. ಗುಲಾಬಿಗಳು ಸಾಯಲಿಲ್ಲ, ಹಿಂದೆಂದೂ ಬಿಡದಷ್ಟು ಹೂ ಬಿಟ್ಟವು. ಕಾರಣ ಏನೆಂದು ಓಣಿಯವರು ಕೇಳಿದರೆ ಗಿರಿಜಮ್ಮ ಕಾಡುಗೊಬ್ಬರ ಎನ್ನುತ್ತಿದ್ದರು, ಮುಂದೆ ಹೇಳುತ್ತಿರಲಿಲ್ಲ.

ಈಗ ಟ್ರೇನಿಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಮೊದಲ ದಿನ ಅವರಿಗೆ ಜಿಪಿಎಸ್ ಕೊಡುವ ಮೊದಲು ಹೇಳುವ ಮಾತು ಒಂದೇ: ನೀವು ಏನು ಮಾಡುತ್ತಿದ್ದೀರಿ ಎಂಬುದನ್ನು ನಿಮ್ಮ ಮನೆಯೊಡತಿಗೆ ಅರ್ಥವಾಗುವ ಹಾಗೆ ಹೇಳಲು ಕಲಿಯಿರಿ. ನಮ್ಮ ವಿಜ್ಞಾನ ನಡೆಯುವುದು ಬೇರೆಯವರ ತಾರಸಿಯಲ್ಲಿ, ಬೇರೆಯವರ ಹೊಲದ ಬದುವಿನಲ್ಲಿ. ಅವರಿಗೆ ತಿಳಿಯದ ಸಂಶೋಧನೆ ಯಾವಾಗ ಬೇಕಾದರೂ ಗೊಬ್ಬರವಾಗಬಹುದು.

ಹೋದ ವರ್ಷ ಪಾವಗಡ ಕಡೆಗೆ ಹೋದ ಟ್ರೇನಿ ಹುಡುಗಿ ಈ ಮಾತನ್ನು ಅಕ್ಷರಶಃ ಪಾಲಿಸಿದಳು. ಬಾಗಿಲು ತೆರೆದ ಕೂಡಲೇ ಕರಡಿಯ ಮಲ ಎಂದು ಶುರುಮಾಡಿ ರೂಮು ಸಿಗದೆ ಮನೆಯಿಂದ ಮನೆಗೆ ಅಲೆದಳು. ಕೊನೆಗೆ ಅವಳ ಜೊತೆ ವೈ.ಎನ್. ಹೊಸಕೋಟೆಗೆ ನಾನೇ ಹೋದೆ. ಅಲ್ಲೊಬ್ಬ ಅಜ್ಜಿ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡಿತು. ಒಣಗಿಸುವುದು, ಜರಡಿ ಹಿಡಿಯುವುದು, ಬೀಜ ಬೇರೆ ಮಾಡುವುದು, ಎಲ್ಲಕ್ಕೂ ತಲೆಯಾಡಿಸಿತು. ಆಮೇಲೆ ತೆಲುಗು ಬೆರೆತ ಕನ್ನಡದಲ್ಲಿ, ಕರಡಿಯನ್ನು ಎಲುಗುಬಂಟಿ ಎನ್ನುತ್ತಾ, ತನ್ನ ಒಂದೇ ಷರತ್ತು ಹೇಳಿತು:

"ಎಲುಗುಬಂಟಿದು ಏನಾರ ತಂದಿಟ್ಕಾ ತಲ್ಲಿ, ಪರವಾಲೇದು. ಅದನ್ನ ಕೇಳ್ಕಂಡು ಎಲುಗುಬಂಟಿ ಮನೆತಾವ ಬಂದ್ರೆ ಮಾತ್ರ ನೀನೇ ಜವಾಬು ಹೇಳ್ಬೇಕು."